ಮರಿ ಇಂಜಿನ್ನಿನ ಕಿಡಿ

ಒಂದು ಇಂಜಿನ್ ಚಾಲೂ ಮಾಡಲು ಇನ್ನೊಂದು ಇಂಜಿನ್ ಬೇಕು. ಇದು ಒಗಟಲ್ಲ ಮಕ್ಕಳೇ, ನಿಜವಾದ ಸಂಗತಿ. ಇವತ್ತು ನಿಮ್ಮ ಅಪ್ಪ ಬೈಕಿನ ಬಟನ್ ಒತ್ತುತ್ತಾರೆ, ಗಾಡಿ ಗುಡುಗುಡು ಅನ್ನುತ್ತದೆ. ಟ್ರ್ಯಾಕ್ಟರಿಗೂ ಕೀಲಿ ತಿರುವಿದರೆ ಸಾಕು. ಆದರೆ ನಿಮ್ಮ ತಾತಂದಿರು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ, ದೊಡ್ಡ ಡೀಸೆಲ್ ಟ್ರ್ಯಾಕ್ಟರಿನ ಪಕ್ಕದಲ್ಲೇ ಒಂದು ಸಣ್ಣ ಪೆಟ್ರೋಲ್ ಇಂಜಿನ್ ಕೂತಿರುತ್ತಿತ್ತು. ಮೊದಲು ಅದನ್ನು ಎಬ್ಬಿಸಬೇಕು. ಅದು ಎದ್ದು ದೊಡ್ಡದನ್ನು ಎಬ್ಬಿಸಬೇಕು.

ಅಜ್ಜಿ ಸೌದೆ ಒಲೆ ಹಚ್ಚುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ದಪ್ಪ ಕೊರಡಿಗೆ ನೇರವಾಗಿ ಕಡ್ಡಿ ಗೀರಿದರೆ ಹತ್ತುವುದಿಲ್ಲ. ಮೊದಲು ಪುಳ್ಳೆ, ಆಮೇಲೆ ಚಕ್ಕೆ, ಕೊನೆಗೆ ಕೊರಡು. ಡೀಸೆಲ್ ಇಂಜಿನ್ ಈ ಕೊರಡಿನ ಹಾಗೆ. ಅದರೊಳಗೆ ಕಿಡಿ ಹಚ್ಚುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಅದು 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತದೆ. ಆ ಬಿಸಿಗೆ ಡೀಸೆಲ್ ಚಿಮುಕಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ. ಅಷ್ಟು ಬಲವಾಗಿ ಅದುಮಬೇಕಾದ ಇಂಜಿನ್ನನ್ನು ಮನುಷ್ಯನ ಕೈ ತಿರುಗಿಸಲಾರದು. ಆಗಿನ ಬ್ಯಾಟರಿಗಳನ್ನು ಕಾಡುಮೇಡಿನಲ್ಲಿ, ಚಳಿಯಲ್ಲಿ ನಂಬುವ ಹಾಗೂ ಇರಲಿಲ್ಲ. ಅದಕ್ಕೇ ಈ ಮರಿ ಇಂಜಿನ್. ಇಂಗ್ಲಿಷಿನವರು ಇದನ್ನು ಪೋನಿ ಮೋಟಾರ್ ಎಂದರು. ಪೋನಿ ಎಂದರೆ ಗಿಡ್ಡ ತಳಿಯ ಕುದುರೆ. ನಾವು ಮಾತ್ರ ಮೊದಲಿನಿಂದಲೂ ಮರಿ ಇಂಜಿನ್ ಅಂತಲೇ ಕರೆದೆವು.

ನಾನು ಹೊಸಪೇಟೆಯವನು. ಸಂಡೂರಿನ ಗಣಿಯೊಂದರ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೆಕ್ಯಾನಿಕ್ ಆಗಿದ್ದೆ. ಅಲ್ಲಿಯ ಕೆಂಪು ಧೂಳು ಬಟ್ಟೆ ಬಿಟ್ಟರೂ ಉಗುರಿನ ಸಂದು ಬಿಡುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಲ್ಲಿ ಮರಿ ಇಂಜಿನ್ನಿನ ಒಂದೆರಡು ಹಳೇ ಡೋಜರುಗಳಿದ್ದವು. ಬೆಳಗಿನ ಹೊತ್ತು ಅವನ್ನು ಎಬ್ಬಿಸುವುದು ಹೊಸಬರ ಪಾಲಿನ ಕೆಲಸ. ನನಗೆ ಕೆಲಸ ಕಲಿಸಿದ ಉಸ್ತಾದರು ಹೆಚ್ಚು ಮಾತಿನವರಲ್ಲ. “ಒಂದ್ ಸಲಕ್ಕ ಒಂದೇ ಬದಲಿಸು. ಎರಡು ಬದಲಿಸಿದ್ರ ಯಾವ್ದು ಕೆಟ್ಟಿತ್ತು ಅಂತ ನಿನಗೂ ಗೊತ್ತಾಗಂಗಿಲ್ಲ, ಗಾಡಿಗೂ ಗೊತ್ತಾಗಂಗಿಲ್ಲ,” ಎನ್ನುತ್ತಿದ್ದರು. ಅವರಿಂದ ಕಲಿತ ಪಾಠಗಳಲ್ಲಿ ನನಗೆ ಇಂದಿಗೂ ಕೆಲಸಕ್ಕೆ ಬರುವುದು ಇದೊಂದು.

ಹೋದ ವರ್ಷ ನವರಾತ್ರಿ ಶುರುವಾದ ದಿನ ಕಂಪ್ಲಿಯಿಂದ ಒಬ್ಬ ಹಿರಿಯ ರೈತರು ಫೋನ್ ಮಾಡಿದರು. ನನಗಿಂತ ಏಳೆಂಟು ವರ್ಷ ದೊಡ್ಡವರು, ಹಳೇ ಪರಿಚಯ. ಗೌಡ್ರು ಎಂದೇ ನಾನು ಅವರನ್ನು ಕರೆಯುವುದು.

“ಮೇಸ್ತ್ರಿ, ಹಬ್ಬ ಮುಗಿದ ಮರುದಿನ ಗುಜರಿ ಲಾರಿ ಬರ್ತೈತಿ. ಅದಕ್ಕಿಂತ ಮೊದ್ಲು ನಮ್ಮ ಗಾಡಿ ಒಂದ್ ಸಲ ಮಾತಾಡ್ಬೇಕು. ಸತ್ತ ಗಾಡಿಗೆ ಕುಂಕುಮ ಹಚ್ಚಾಕ ನನ್ನ ಕೈ ಬರಂಗಿಲ್ಲ,” ಎಂದರು.

ಗಾಡಿ ಯಾವುದೆಂದು ನನಗೆ ಗೊತ್ತಿತ್ತು. ಕ್ಯಾಟರ್‌ಪಿಲ್ಲರ್ ಡಿ2. ಗಾಲಿಯ ಬದಲು ಉಕ್ಕಿನ ಪಟ್ಟಿಗಳ ಸರಪಳಿಯ ಮೇಲೆ ತೆವಳುವ ಸಣ್ಣ ಟ್ರ್ಯಾಕ್ಟರ್. ಕ್ಯಾಟರ್‌ಪಿಲ್ಲರ್ ಎಂದರೆ ಕಂಬಳಿಹುಳ ಎಂದು ನೀವು ಇಂಗ್ಲಿಷ್ ಪಾಠದಲ್ಲಿ ಓದಿರುತ್ತೀರಿ. ನಡಿಗೆ ನೋಡಿದರೆ ಹೆಸರು ಸರಿಯಾಗಿಯೇ ಇದೆ. ಅಮೆರಿಕದಲ್ಲಿ ಎರಡು ಕಂಪನಿಗಳು ಒಂದಾಗಿ 1925ರಲ್ಲಿ ಈ ಹೆಸರಿನ ಕಂಪನಿ ಹುಟ್ಟಿತು. 1931ರಲ್ಲಿ ಅವರ ಮೊದಲ ಡೀಸೆಲ್ ಟ್ರ್ಯಾಕ್ಟರ್ ಬಂತು. ಡಿ2 ಮಾದರಿಯನ್ನು 1938ರಿಂದ 1957ರವರೆಗೆ ಮಾಡಿದರು. ನಾಲ್ಕು ಸಿಲಿಂಡರಿನ ಡೀಸೆಲ್ ಇಂಜಿನ್, ಅದನ್ನು ಎಬ್ಬಿಸಲು ಎರಡು ಸಿಲಿಂಡರಿನ ಪೆಟ್ರೋಲ್ ಇಂಜಿನ್. ತೂಕ ಮೂರು ಟನ್ನಿನ ಆಸುಪಾಸು. ಗುಜರಿಯವರ ಕಣ್ಣಿಗೆ ಬಿದ್ದದ್ದು ಈ ತೂಕವೇ.

ಗೌಡ್ರ ಅಪ್ಪ ಇದನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡದ್ದು ತುಂಗಭದ್ರಾ ಕಾಲುವೆಗೆ ನೀರು ಬಂದ ಕೆಲವು ವರ್ಷಗಳ ಮೇಲೆ. ನಮ್ಮ ಅಣೆಕಟ್ಟಿಗೆ 1945ರ ಫೆಬ್ರುವರಿ 28ರಂದು ಅಡಿಗಲ್ಲು ಬಿತ್ತು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ನೀರು ಬಂದರಷ್ಟೇ ಸಾಲದು. ಭತ್ತ ನಾಟಿ ಮಾಡಬೇಕಾದರೆ ಗದ್ದೆ ತಟ್ಟೆಯಂತೆ ಸಮ ಇರಬೇಕು. ಮಳೆ ನಂಬಿ ಜೋಳ ಬೆಳೆಯುತ್ತಿದ್ದ ಏರುತಗ್ಗಿನ ಹೊಲಗಳನ್ನು ಈ ಕಂಬಳಿಹುಳ ಮಟ್ಟ ಮಾಡಿತ್ತು. ಗೌಡ್ರ ಹೊಲವನ್ನಷ್ಟೇ ಅಲ್ಲ, ನೆರೆಹೊರೆಯವರ ಹೊಲಗಳನ್ನೂ. ಅವರು ಹದಿನಾಲ್ಕನೇ ವಯಸ್ಸಿನಲ್ಲೇ ಇದರ ಸೀಟಿನ ಮೇಲೆ ಕೂತವರು.

ಎಂಟನೇ ತರಗತಿಯ ಮೊಮ್ಮಗಳಿಗೆ ದಸರಾ ರಜೆ. ನಾನೂ ಬರುತ್ತೇನೆಂದು ಹಠ ಹಿಡಿದಳು. ಮರುದಿನ ಸ್ಕೂಟರಿನಲ್ಲಿ ಇಬ್ಬರೂ ಹೊರಟೆವು. ಹೊಸಪೇಟೆಯಿಂದ ಕಂಪ್ಲಿ ಮೂವತ್ತು ಕಿಲೋಮೀಟರಿನ ಆಸುಪಾಸು, ದಾರಿ ಹಂಪಿಯ ಮಗ್ಗುಲಲ್ಲೇ ಹಾದು ಹೋಗುತ್ತದೆ. ಕಮಲಾಪುರದ ಹತ್ತಿರ ಗಾಡಿ ನಿಲ್ಲಿಸಿ ಒಂದು ಬಂಡೆ ತೋರಿಸಿದೆ. ಅದರ ಅಂಚಿನಲ್ಲಿ ಗೇಣಿಗೊಂದರಂತೆ ಸಾಲಾಗಿ ಚೌಕನೆಯ ತೂತುಗಳು. ಹಂಪಿಗೆ ಹೋದವರು ಇಂಥ ಬಂಡೆಗಳನ್ನು ನೋಡಿಯೇ ಇರುತ್ತೀರಿ. ಆನೆ ಗಾತ್ರದ ಬಂಡೆ ಸೀಳಲು ವಿಜಯನಗರದ ಕಲ್ಲುಕುಟಿಗರು ಬಂಡೆಯನ್ನು ಗುದ್ದುತ್ತಾ ಕೂರಲಿಲ್ಲ. ಸಾಲಾಗಿ ಸಣ್ಣ ತೂತು ಕೊರೆದು ಬೆಣೆ ಕೂರಿಸಿದರು. ಬಂಡೆ ಆ ಗೆರೆಯಲ್ಲೇ ಬಾಯಿಬಿಟ್ಟಿತು.

“ಸಾಲಿನಲ್ಲಿ ಒಂದು ಬೆಣೆ ಸಡಿಲ ಆದ್ರೆ?” ಎಂದು ಕೇಳಿದಳು.

“ಬಂಡೆ ನೆಟ್ಟಗೆ ಸೀಳಂಗಿಲ್ಲ. ಆವಾಗ ಬಂಡಿನ ಬೈಯಬಾರದು, ಸಡಿಲಾದ ಬೆಣೆ ಯಾವ್ದು ಅಂತ ನೋಡ್ಬೇಕು,” ಎಂದೆ.

ಗೌಡ್ರ ಮನೆಯ ಹಿಂದೆ, ಹೊಳೆಯ ಕಡೆಗೆ ತಗಡಿನ ಶೆಡ್ಡು. ಅದರೊಳಗೆ ಹಳದಿ ಬಣ್ಣ ಮಾಸಿದ ಡಿ2. ಗೌಡ್ರ ಮಗ ಕೈಮುಗಿದು ಕುರ್ಚಿ ಹಾಕಿದ. ಒಳ್ಳೆಯವನೇ, ಆದರೆ ಲೆಕ್ಕದವನು. “ಮಗಳ ಕಾಲೇಜ್ ಫೀಜ್ ಕಟ್ಟೋದೈತ್ರಿ. ಹನ್ನೊಂದು ವರ್ಷದಿಂದ ಇದು ಅಲ್ಲಾಡಿಲ್ಲ. ಶೆಡ್ಡಿನಾಗ ಜಾಗನೂ ಇಲ್ಲ. ನಮ್ಮಪ್ಪನ ಸಮಾಧಾನಕ್ಕ ನಿಮ್ಮನ್ನ ಕರೆಸೀನಿ,” ಎಂದ. ಅವನ ಮಾತೂ ಸರಿಯೇ. ಮೊದಲೊಬ್ಬ ಮೆಕ್ಯಾನಿಕ್ ಬಂದು ನೋಡಿ ಹೋಗಿದ್ದನಂತೆ. “ಪೆಟ್ರೋಲ್ ಬರ್ತೈತಿ, ಕಿಡಿನೂ ಬರ್ತೈತಿ. ಆದ್ರೂ ಹತ್ತವಲ್ದು ಅಂದ್ರ ಇಂಜಿನ್ನೇ ಹೋಗೇತಿ,” ಎಂದು ತೀರ್ಪು ಕೊಟ್ಟಿದ್ದ.

ನಾನು ಮರಿ ಇಂಜಿನ್ನಿನ ಫ್ಲೈವೀಲನ್ನು ಮೊದಲು ಕೈಯಿಂದ ನಿಧಾನ ತಿರುಗಿಸಿದೆ. ಒಂದು ಹಂತದಲ್ಲಿ ಒಳಗಿನ ಗಾಳಿ ಚೆಂಡಿನ ಹಾಗೆ ಎದುರೊತ್ತಿತು. ಅಂದರೆ ಪಿಸ್ಟನ್ನು, ವಾಲ್ವು ಇನ್ನೂ ಗಾಳಿ ಹಿಡಿಯುತ್ತಿವೆ. ಸತ್ತ ಇಂಜಿನ್ ಹೀಗೆ ಒತ್ತುವುದಿಲ್ಲ. ಹಳೇ ಪೆಟ್ರೋಲ್ ಚೆಲ್ಲಿ, ಟ್ಯಾಂಕು ತೊಳೆದು, ಕಾರ್ಬುರೇಟರ್ ಸ್ವಚ್ಛ ಮಾಡಿ ಹೊಸ ಪೆಟ್ರೋಲ್ ಹಾಕಿದೆವು. ಚಕ್ರದ ಅಂಚಿನ ಗಾಡಿಗೆ ಹಗ್ಗದ ಗಂಟು ಸಿಕ್ಕಿಸಿ, ಬುಗುರಿಗೆ ಚಾಟಿ ಸುತ್ತಿದಂತೆ ಸುತ್ತಿ ಎಳೆದೆವು. ಇಪ್ಪತ್ತು ಸಲ ಎಳೆದರೂ ಒಂದು ಕೆಮ್ಮೂ ಇಲ್ಲ. ಪ್ಲಗ್ ಬಿಚ್ಚಿದರೆ ಪೆಟ್ರೋಲಿನಿಂದ ಒದ್ದೆ. ಹಾಗಾದರೆ ಪೆಟ್ರೋಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಉಳಿದದ್ದು ಕಿಡಿ.

ಪೆಟ್ರೋಲ್ ಡಬ್ಬ ದೂರ ಇಟ್ಟು, ಒದ್ದೆಯಾಗಿದ್ದ ಜಾಗ ಒರೆಸಿ, ಶೆಡ್ಡಿನ ಬಾಗಿಲು ಮುಚ್ಚಿ ಕತ್ತಲು ಮಾಡಿದೆವು. ವೈರಿಗೆ ಸಿಕ್ಕಿಸಿದ ಪ್ಲಗ್ಗಿನ ಮೈಯನ್ನು ಇಂಜಿನ್ನಿನ ಕಬ್ಬಿಣಕ್ಕೆ ತಾಗಿಸಿಟ್ಟು ಗೌಡ್ರ ಮಗ ಹಗ್ಗ ಎಳೆದ. ಕಿಡಿ ಬಂತು. “ನೋಡ್ರಿ, ಬಂತಲ್ಲ!” ಎಂದ. ಬಂದದ್ದು ನಿಜ. ಆದರೆ ಅದು ಕೂದಲೆಳೆಯಷ್ಟು ತೆಳ್ಳಗೆ, ಸೊರಗಿದ ಕೆಂಪು ಹಳದಿ ಬಣ್ಣಕ್ಕಿತ್ತು. ಸದ್ದೇ ಇಲ್ಲ. ಒಳ್ಳೆಯ ಕಿಡಿ ಬಿಳಿ ನೀಲಿ ಬಣ್ಣಕ್ಕಿದ್ದು ‘ಚಟ್’ ಎನ್ನುತ್ತದೆ.

ಮೊದಲು ಬಂದ ಮೆಕ್ಯಾನಿಕ್ಕಿನ ಕಣ್ಣಿಗೆ ಮರೆಯಾದ ಸಂಗತಿ ಇಲ್ಲಿದೆ. ಹೊರಗಿನ ಗಾಳಿಯಲ್ಲಿ ಕಿಡಿ ಹಾರುವುದು ಸುಲಭ. ಸಿಲಿಂಡರಿನ ಒಳಗೆ ಗಾಳಿಯನ್ನು ಒತ್ತೊತ್ತಿ ತುಂಬಿರುತ್ತದೆ. ಜಾತ್ರೆಯ ಗುಂಪಿನಲ್ಲಿ ನುಗ್ಗಿ ಹೋಗುವುದಕ್ಕೂ ಖಾಲಿ ಬೀದಿಯಲ್ಲಿ ಓಡುವುದಕ್ಕೂ ಎಷ್ಟು ವ್ಯತ್ಯಾಸ! ಒತ್ತಿದ ಗಾಳಿಯಲ್ಲಿ ಅದೇ ಸಣ್ಣ ಸಂದನ್ನು ದಾಟಲು ಕಿಡಿಗೆ ಎಷ್ಟೋ ಪಟ್ಟು ಹೆಚ್ಚು ಬಲ ಬೇಕು. ಹೊರಗೆ ಕಂಡ ಕಿಡಿ ಒಳಗೂ ಹಾರುತ್ತದೆ ಎಂದು ಹೇಳಲಾಗದು. ಆದ್ದರಿಂದ ಕಿಡಿ ಬರುತ್ತದೋ ಇಲ್ಲವೋ ಎಂದು ನೋಡಿದರೆ ಸಾಲದು, ಎಷ್ಟು ದೂರ ಹಾರುತ್ತದೆ ಎಂದು ಅಳೆಯಬೇಕು. ಹೊರಗೆ ಐದಾರು ಮಿಲಿಮೀಟರ್ ಹಾರಿದರೆ ಒಳಗೂ ಕೆಲಸ ಮಾಡೀತು. ವೈರಿನ ತುದಿಗೂ ಕಬ್ಬಿಣಕ್ಕೂ ನಡುವೆ ಸಂದು ಬಿಟ್ಟು ಅಳೆದೆವು. ಎರಡು ಮಿಲಿಮೀಟರಿಗೆ ಕಿಡಿ ಸುಸ್ತಾಯಿತು. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ‘ಮೊದಲ ದಿನ: 2’ ಎಂದು ಬರೆದಳು.

“ತಾತ, ಬ್ಯಾಟರಿ ಎಲ್ಲೈತಿ?” ಎಂದು ಸುತ್ತಲೂ ಹುಡುಕಿದಳು.

ಬ್ಯಾಟರಿ ಇಲ್ಲವೇ ಇಲ್ಲ. ಅದೇ ಇದರ ಸೊಗಸು. ತೆಂಗಿನಕಾಯಿ ಗಾತ್ರದ ಒಂದು ಡಬ್ಬಿ ತೋರಿಸಿದೆ. ಅದರ ಹೆಸರು ಮ್ಯಾಗ್ನೆಟೋ. ಒಳಗೊಂದು ಅಯಸ್ಕಾಂತ ತಿರುಗುತ್ತದೆ. ಪಕ್ಕದಲ್ಲಿ ತಾಮ್ರದ ತಂತಿಯ ಸುರುಳಿ. ತಂತಿಯ ಬಳಿ ಅಯಸ್ಕಾಂತ ಸರಿದಾಡಿದರೆ ತಂತಿಯಲ್ಲಿ ವಿದ್ಯುತ್ ಹುಟ್ಟುತ್ತದೆ ಎಂಬುದನ್ನು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟರು. ಆ ತತ್ತ್ವದ ಮೇಲೆ, ಪ್ಲಗ್ಗಿಗೆ ನೇರವಾಗಿ ಕಿಡಿ ಕೊಡುವ ಮ್ಯಾಗ್ನೆಟೋವನ್ನು ಜರ್ಮನಿಯ ಬಾಷ್ ಕಂಪನಿಯಲ್ಲಿ ಗಾಟ್ಲೋಬ್ ಹೋನಾಲ್ಡ್ ಎಂಬ ಎಂಜಿನಿಯರ್ 1902ರಲ್ಲಿ ಸಿದ್ಧಪಡಿಸಿದರು. ನಿಮ್ಮ ತಾತ ಓಡಿಸುತ್ತಿದ್ದ ಲೂನಾದಲ್ಲೂ ಇದರ ತಮ್ಮನಿದ್ದ. ಇವತ್ತಿಗೂ ಪಿಸ್ಟನ್ ಇಂಜಿನ್ನಿನ ಎಷ್ಟೋ ಸಣ್ಣ ವಿಮಾನಗಳಲ್ಲಿ ಒಂದೊಂದು ಇಂಜಿನ್ನಿಗೆ ಎರಡೆರಡು ಮ್ಯಾಗ್ನೆಟೋ ಇರುತ್ತವೆ. ಬ್ಯಾಟರಿ ಕೈಕೊಟ್ಟರೂ ಆಕಾಶದಲ್ಲಿ ಇಂಜಿನ್ ನಿಲ್ಲಬಾರದಲ್ಲ!

ಅಯಸ್ಕಾಂತದಿಂದ ಹುಟ್ಟುವ ವಿದ್ಯುತ್ತು ಮೊದಲು ಸಣ್ಣದೇ. ಅದು ದೊಡ್ಡದಾಗುವುದು ಹೇಗೆ? ನಲ್ಲಿಯನ್ನು ಪೂರಾ ಬಿಟ್ಟು ರಪ್ಪೆಂದು ಮುಚ್ಚಿದರೆ ಪೈಪು ‘ಧಡ್’ ಎಂದು ಅದುರುತ್ತದೆ. ಹರಿಯುತ್ತಿದ್ದ ನೀರನ್ನು ಥಟ್ಟನೆ ತಡೆದಾಗ ಒತ್ತಡ ಏರುತ್ತದೆ. ಮ್ಯಾಗ್ನೆಟೋದಲ್ಲಿ ನಲ್ಲಿಯ ಕೆಲಸ ಮಾಡುವುದು ಪಾಯಿಂಟ್ ಎಂಬ ಎರಡು ಪುಟ್ಟ ಲೋಹದ ಗುಂಡಿಗಳು. ಅವು ಕೂಡಿರುವಾಗ ದಪ್ಪ ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿಯುತ್ತದೆ. ಥಟ್ಟನೆ ಬೇರೆಯಾದಾಗ ಹರಿವು ಕಡಿಯುತ್ತದೆ. ಆ ಏಟಿಗೆ ಪಕ್ಕದ ಇನ್ನೊಂದು ಸುರುಳಿಯಲ್ಲಿ, ಕೂದಲಿನಂಥ ತಂತಿಯ ಸಾವಿರಾರು ಸುತ್ತುಗಳಲ್ಲಿ, ಹತ್ತು ಸಾವಿರ ವೋಲ್ಟ್ ದಾಟುವ ಒತ್ತಡ ಏಳುತ್ತದೆ. ಅದೇ ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ಬ್ಯಾಟರಿ ಇಲ್ಲವೆಂದು ಸಲುಗೆ ಬೇಡ ಮಕ್ಕಳೇ. ತಿರುಗುವಾಗ ಆ ವೈರು ಮುಟ್ಟಿದರೆ ಒದೆಯುತ್ತದೆ. ಇಂಥ ಕೆಲಸಕ್ಕೆ ತಿಳಿದ ದೊಡ್ಡವರು ಪಕ್ಕದಲ್ಲಿ ಇರಲೇಬೇಕು.

ಕೆಲಸ ಸಾಲಾಗಿ ಶುರುವಾಯಿತು. ಮೊದಲು ಹೊಸ ಪ್ಲಗ್. ಕಿಡಿ ಹಾಗೇ ಇತ್ತು. ಸರಿ, ತಪ್ಪು ಪ್ಲಗ್ಗಿನದಲ್ಲ. ಆಮೇಲೆ ವೈರು. ಮೇಲಿನ ಹೊದಿಕೆ ಬಿರುಕು ಬಿಟ್ಟಿದ್ದರೆ ಕಿಡಿ ದಾರಿಯಲ್ಲೇ ಸೋರುತ್ತದೆ. ಕತ್ತಲಲ್ಲಿ ನೋಡಿದರೆ ಅಲ್ಲಲ್ಲಿ ನೀಲಿ ಮಿಣುಕು ಕಾಣುತ್ತದೆ. ಇಲ್ಲಿ ಮಿಣುಕು ಕಾಣಲಿಲ್ಲ. ಮೂರನೆಯದು ಪಾಯಿಂಟ್. ಮುಚ್ಚಳ ತೆಗೆದರೆ ಗುಂಡಿಗಳ ಮೇಲೆ ಬೂದಿ ಬಣ್ಣದ ಪೊರೆ. ಶೆಡ್ಡು ಹೊಳೆಯ ಪಕ್ಕ. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲಿ ಕಂಪ್ಲಿ ಸೇತುವೆಯೇ ಮುಳುಗುತ್ತದೆ. ಹನ್ನೊಂದು ಮಳೆಗಾಲದ ತಂಪು ಆ ಗುಂಡಿಗಳ ಮೇಲೆ ಕೂತಿತ್ತು. ತೆಳು ಅರದಿಂದ ಮೆಲ್ಲಗೆ ಉಜ್ಜಿ, ಗಟ್ಟಿ ಕಾಗದದ ಚೂರು ನಡುವೆ ಎಳೆದು ಒರೆಸಿದೆ. ಸಂದನ್ನು 0.015 ಇಂಚಿಗೆ, ಅಂದರೆ ಸುಮಾರು 0.4 ಮಿಲಿಮೀಟರಿಗೆ ಕೂರಿಸಿದೆ. ಈಗ ಅಳೆದರೆ ಮೂರು ಮಿಲಿಮೀಟರ್. ಸುಧಾರಿಸಿದೆ, ಆದರೆ ಸಾಲದು. ಅಷ್ಟರಲ್ಲಿ ಹೊತ್ತು ಮುಳುಗಿತು.

ಎರಡನೇ ಸಲ ಹೋದಾಗ ಮುಚ್ಚಳ ತೆಗೆದೇ ಹಗ್ಗ ಎಳೆಸಿ ಪಾಯಿಂಟ್ ನೋಡಿದೆ. ಪ್ಲಗ್ಗಿನಲ್ಲಿ ಹಾರಬೇಕಾದ ಬೆಂಕಿ ಗುಂಡಿಗಳ ನಡುವೆಯೇ ಚಿಟಪಟ ಎನ್ನುತ್ತಿತ್ತು. ಇದು ಕಂಡೆನ್ಸರ್ ಕೆಟ್ಟ ಗುರುತು. ಗುಂಡಿಗಳು ಬೇರೆಯಾಗುವ ಗಳಿಗೆಯಲ್ಲಿ ನುಗ್ಗಿ ಬರುವ ವಿದ್ಯುತ್ತನ್ನು ಒಂದು ಕ್ಷಣ ತನ್ನೊಳಗೆ ಹಿಡಿದುಕೊಳ್ಳುವ ಪುಟ್ಟ ತೊಟ್ಟಿ ಈ ಕಂಡೆನ್ಸರ್. ತೊಟ್ಟಿ ಒಡೆದಿದ್ದರೆ ವಿದ್ಯುತ್ತು ಗುಂಡಿಗಳ ನಡುವೆಯೇ ಜಿಗಿಯುತ್ತದೆ, ಹರಿವು ಥಟ್ಟನೆ ಕಡಿಯುವುದಿಲ್ಲ, ಆಚೆ ಸುರುಳಿಯಲ್ಲಿ ಒತ್ತಡ ಏಳುವುದಿಲ್ಲ.

ಇದಕ್ಕೆ ಅಸಲಿ ಕಂಡೆನ್ಸರ್ ಈಗ ಎಲ್ಲಿಂದ ತರುವುದು? ಹೊಸಪೇಟೆಯ ಹಳೇ ಸ್ಪೇರ್‌ಪಾರ್ಟ್ಸ್ ಅಂಗಡಿಯೊಂದರಲ್ಲಿ ಅಂಬಾಸಿಡರ್ ಕಾರಿನ ಕಂಡೆನ್ಸರ್ ಸಿಕ್ಕಿತು. ಅಂಬಾಸಿಡರ್ 2014ರಲ್ಲೇ ನಿಂತುಹೋದರೂ ಅಂಗಡಿಯವರ ಡಬ್ಬಿಯ ತಳದಲ್ಲಿ ಅದರ ಸಾಮಾನು ಇನ್ನೂ ಉಳಿದಿದೆ. ಎರಡರ ಅಳತೆಯೂ 0.2 ಮೈಕ್ರೋಫ್ಯಾರಡಿನ ಆಸುಪಾಸು. ಒಳಗೆ ಕೂರುವ ಆಕಾರವಲ್ಲವೆಂದು ತಗಡಿನ ಪಟ್ಟಿ ಕತ್ತರಿಸಿ ಹೊರಮೈಗೆ ಬಿಗಿದೆ. ಗುಂಡಿಗಳ ನಡುವಿನ ಚಿಟಪಟ ಅಡಗಿತು. ಕಿಡಿ ನಾಲ್ಕು ಮಿಲಿಮೀಟರ್ ಹಾರಿತು, ಬಣ್ಣವೂ ನೀಲಿಗೆ ತಿರುಗಿತು. ಮರಿ ಇಂಜಿನ್ ಮೊದಲ ಸಲ ಒಂದೆರಡು ಬಾರಿ ಕೆಮ್ಮಿತು, ಮತ್ತೆ ಸುಮ್ಮನಾಯಿತು. ಬಾಗಿಲಲ್ಲಿ ಕೂತಿದ್ದ ಗೌಡ್ರು ಆ ಕೆಮ್ಮಿಗೇ ಎದ್ದು ನಿಂತರು.

“ಅಯಸ್ಕಾಂತನೇ ಸೊರಗಿರಬೇಕು. ಬಿಚ್ಚಿ ನೋಡೋಣ ತಾತ,” ಎಂದಳು ಮೊಮ್ಮಗಳು.

ಬೇಡವೆಂದೆ. ಹಳೇ ಮ್ಯಾಗ್ನೆಟೋದ ಅಯಸ್ಕಾಂತವನ್ನು ಅದರ ಕಬ್ಬಿಣದ ಮನೆಯಿಂದ ಹೊರಗೆ ಎಳೆದು ಹಾಗೇ ಇಟ್ಟರೆ ಅದರ ಶಕ್ತಿ ಕುಗ್ಗುತ್ತದೆ. ತೆಗೆಯಲೇಬೇಕಾದರೆ ಎರಡು ತುದಿಗಳನ್ನು ಕೂಡಿಸುವಂತೆ ಒಂದು ಕಬ್ಬಿಣದ ತುಂಡು ಅಂಟಿಸಿ ಇಡಬೇಕು. ನಿಮ್ಮ ಶಾಲೆಯ ಪ್ರಯೋಗಶಾಲೆಯ ಲಾಳಾಕಾರದ ಅಯಸ್ಕಾಂತಕ್ಕೂ ಬಾಯಿಗೆ ಇಂಥದೇ ತುಂಡು ಇರುತ್ತದೆ, ನೋಡಿ. ಬಿಚ್ಚಬೇಕಾಗಿಲ್ಲದ್ದನ್ನು ಬಿಚ್ಚದೆ ಇರುವುದೂ ರಿಪೇರಿಯೇ.

ಅವಳು ಫ್ಲೈವೀಲನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತಾ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: “ತಾತ, ಸಂಡೂರಿನ ಡೋಜರು ತಿರುಗಿಸಿದ್ರೆ ಟಕ್, ಟಕ್ ಅಂತಿತ್ತು ಅಂತ ದಾರಿಯಲ್ಲಿ ಹೇಳಿದ್ಯಲ್ಲ. ಇದು ಅನ್ನವಲ್ದು.”

ನಾನು ಕಿವಿಗೊಟ್ಟೆ. ಹೌದು, ಟಕ್ ಇಲ್ಲ. ಆ ಟಕ್ ಎಲ್ಲಿಂದ ಬರುತ್ತದೆ ಎಂದು ಹೇಳುತ್ತೇನೆ. ಮ್ಯಾಗ್ನೆಟೋ ಜೋರಾಗಿ ತಿರುಗಿದರಷ್ಟೇ ಬಲವಾದ ಕಿಡಿ. ಹಗ್ಗ ಎಳೆಯುವಾಗ ಇಂಜಿನ್ ತಿರುಗುವುದು ಮಂದಗತಿಯಲ್ಲಿ. ಅದಕ್ಕಾಗಿ ಇಂಜಿನ್ನಿಗೂ ಮ್ಯಾಗ್ನೆಟೋಗೂ ನಡುವೆ ಇಂಪಲ್ಸ್ ಕಪ್ಲಿಂಗ್ ಎಂಬ ಜೋಡಣೆ ಇದೆ. ಅದರ ಕೊಕ್ಕೆ ಅಯಸ್ಕಾಂತವನ್ನು ಒಂದು ಗಳಿಗೆ ತಡೆದು ಹಿಡಿಯುತ್ತದೆ. ಅಷ್ಟರಲ್ಲಿ ಒಳಗಿನ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಕೊಕ್ಕೆ ಬಿಟ್ಟ ಕೂಡಲೇ ಅಯಸ್ಕಾಂತ ಕ್ಯಾಟರ್‌ಬಿಲ್ಲಿನ ಕಲ್ಲಿನಂತೆ ರೊಯ್ಯನೆ ತಿರುಗಿ ಬಲವಾದ ಕಿಡಿ ಕೊಡುತ್ತದೆ. ಕಿಡಿ ತುಸು ತಡವಾಗಿ ಬರುವುದರಿಂದ ಇಂಜಿನ್ ಹಿಂದಕ್ಕೆ ಒದೆಯುವ ಅಪಾಯವೂ ತಪ್ಪುತ್ತದೆ. ಇಂಜಿನ್ ವೇಗ ಹಿಡಿದ ಮೇಲೆ ಕೊಕ್ಕೆ ತಾನೇ ಸರಿದುಕೊಳ್ಳುತ್ತದೆ.

ಮ್ಯಾಗ್ನೆಟೋ ಕೂತ ಜಾಗಕ್ಕೆ ಗುರುತಿನ ಗೆರೆ ಹಾಕಿ ಇಡಿಯಾಗಿ ಇಳಿಸಿದೆ. ಕೊಕ್ಕೆಗಳು ಹಳೇ ಎಣ್ಣೆಯಲ್ಲಿ ಅಂಟಿಕೂತಿದ್ದವು. ಎಣ್ಣೆ ಒಣಗಿ ಹಲಸಿನ ಅಂಟಿನಂತೆ ಆಗಿತ್ತು. ಸೀಮೆಎಣ್ಣೆ ಹಚ್ಚಿ ನೆನೆಹಾಕಿ, ಬ್ರಶ್ಶಿನಿಂದ ತೊಳೆದು, ತೆಳು ಎಣ್ಣೆಯ ಒಂದೆರಡು ಹನಿ ಬಿಟ್ಟೆ. ಕೈಯಿಂದ ತಿರುಗಿಸಿದೆ. ಟಕ್. ಮತ್ತೆ ಟಕ್. ಕಿಡಿ ಅಳೆದರೆ ಆರು ಮಿಲಿಮೀಟರ್ ದಾಟಿ ‘ಚಟ್’ ಎಂದಿತು. ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ನಾಲ್ಕು ಅಂಕೆ: 2, 3, 4, 6. ಒಂದೇ ದೊಡ್ಡ ದೋಷ ಅಲ್ಲಿರಲಿಲ್ಲ. ಮೂರು ಸಣ್ಣ ಸಡಿಲುಗಳು ಕೂಡಿ ಮೂರು ಟನ್ನಿನ ಗಾಡಿಯನ್ನು ಕೂರಿಸಿಬಿಟ್ಟಿದ್ದವು.

ಮ್ಯಾಗ್ನೆಟೋವನ್ನು ಗುರುತಿಗೆ ಸರಿಯಾಗಿ ಮತ್ತೆ ಕೂರಿಸಿ ಬಿಗಿದೆವು. ಡೀಸೆಲ್ ಇಂಜಿನ್ನಿನ ಹಳೇ ಆಯಿಲ್ ಇಳಿಸಿ ಹೊಸದು ತುಂಬಿದೆವು. ಹೊಸ ಡೀಸೆಲ್, ತೊಳೆದ ಫಿಲ್ಟರ್, ರೇಡಿಯೇಟರಿಗೆ ನೀರು. ಅಷ್ಟು ಹೊತ್ತಿಗೆ ಆಯುಧಪೂಜೆಯ ಹಿಂದಿನ ಸಂಜೆ.

ಗೌಡ್ರು ಪಂಚೆ ಎತ್ತಿಕಟ್ಟಿ ಸೀಟಿಗೆ ಹತ್ತಿದರು. ಯಾರೂ ಬೇಡವೆನ್ನಲಿಲ್ಲ. ಮಗ ಹಗ್ಗ ಹಿಡಿದ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಹಿಡಿಯನ್ನಷ್ಟೇ ಹಿಡಿಯಬೇಕು ಎಂದು ಎಚ್ಚರಿಸಿದೆ. ಎರಡನೇ ಎಳೆತಕ್ಕೆ ಮರಿ ಇಂಜಿನ್ ಹತ್ತಿತು! ತಗಡಿನ ಶೆಡ್ಡು ಗಡಗಡ ನಡುಗಿತು, ಮಾಳಿಗೆಯ ಮೇಲಿನ ಪಾರಿವಾಳಗಳು ಹಾರಿಹೋದವು.

ಮುಂದಿನದನ್ನೆಲ್ಲ ಗೌಡ್ರ ಕೈಗಳೇ ಮಾಡಿದವು. ಒಂದು ಲಿವರ್ ಎಳೆದು ದೊಡ್ಡ ಇಂಜಿನ್ನಿನ ಒತ್ತಡ ಸಡಿಲಿಸಿದರು. ಮರಿ ಇಂಜಿನ್ನಿನ ಹಲ್ಲುಚಕ್ರವನ್ನು ದೊಡ್ಡದರ ಫ್ಲೈವೀಲಿಗೆ ಕೂಡಿಸಿದರು. ಕ್ಲಚ್ ಹಿಡಿಯಿತು. ಮರಿ ತಾಯಿಯನ್ನು ತಿರುಗಿಸತೊಡಗಿತು. ಮಕ್ಕಳೇ, ಈ ಯಂತ್ರ ಮಾಡಿದವರ ಜಾಣತನ ಕೇಳಿ. ಎರಡೂ ಇಂಜಿನ್ನುಗಳಿಗೆ ತಂಪಿನ ನೀರು ಒಂದೇ. ಮರಿ ಇಂಜಿನ್ ಕಾದಂತೆ ಆ ನೀರು ದೊಡ್ಡದನ್ನೂ ಬೆಚ್ಚಗೆ ಮಾಡುತ್ತದೆ. ಮರಿಯ ಹೊಗೆಯ ಕೊಳವೆ, ದೊಡ್ಡದು ಉಸಿರೆಳೆಯುವ ದಾರಿಯ ಮೂಲಕವೇ ಹಾದುಹೋಗಿ ಆ ಗಾಳಿಯನ್ನು ಕಾಯಿಸುತ್ತದೆ. ಮರಿ ಇಂಜಿನ್ ದೊಡ್ಡದನ್ನು ಬರೀ ತಿರುಗಿಸುವುದಿಲ್ಲ, ಮೈ ಬೆಚ್ಚಗೆ ಮಾಡಿ ಎಬ್ಬಿಸುತ್ತದೆ.

ಕೆಲವು ನಿಮಿಷ ಹಾಗೇ ತಿರುಗಲು ಬಿಟ್ಟು ಗೌಡ್ರು ಒತ್ತಡದ ಲಿವರ್ ಹಿಂದಕ್ಕೆ ಹಾಕಿದರು, ಡೀಸೆಲ್ ಬಿಟ್ಟರು. ಮೊದಲು ಬಿಳಿ ಹೊಗೆ, ಆಮೇಲೆ ಕಪ್ಪು. ಒಂದು ಸಿಲಿಂಡರು ಗುಡುಗಿತು. ಎರಡು. ನಾಲ್ಕೂ. ಆ ಸಪ್ಪಳ ಕೇಳಿ ಅಕ್ಕಪಕ್ಕದ ಗದ್ದೆಯವರು ಓಡಿ ಬಂದರು. ಒಬ್ಬ ಮುದುಕರು ತಗಡಿಗೆ ಕೈಯಿಟ್ಟು, “ನಮ್ಮ ಮೂರೆಕರೆ ಸಮ ಮಾಡಿದ್ದು ಇದೇ ಗಾಡಿ,” ಎಂದು ಜೊತೆಗಿದ್ದ ಹುಡುಗನಿಗೆ ಹೇಳುತ್ತಿದ್ದರು.

ಎಲ್ಲರೂ ನೋಡುತ್ತಾ ನಿಂತಿರುವಾಗ ಗೌಡ್ರ ಮಗ ಸೀಟಿನ ಹತ್ತಿರ ಹೋಗಿ ಕೂಗಿ ಕೇಳಿದ: “ಅಪ್ಪಾ, ಇದನ್ನ ಬಂದ್ ಮಾಡೋದು ಹೆಂಗ?”

ಗೌಡ್ರು ಮಗನ ಮುಖ ನೋಡಿದರು. “ಮ್ಯಾಲೆ ಬಾ, ತೋರಸ್ತೀನಿ,” ಎಂದು ಸರಿದು ಜಾಗ ಬಿಟ್ಟರು. ನಲವತ್ತು ದಾಟಿದ ಆ ಮಗ ಹುಟ್ಟಿದಾಗಿನಿಂದ ನೋಡಿದ್ದ ಗಾಡಿಯ ಸೀಟಿನಲ್ಲಿ ಅಪ್ಪನ ಪಕ್ಕ ಕೂತದ್ದು ಅವತ್ತೇ ಮೊದಲಂತೆ.

ಮರುದಿನ ಪೂಜೆಯಾಯಿತು. ಕುಂಕುಮ, ಚೆಂಡುಹೂವಿನ ಹಾರ, ಸರಪಳಿಯ ಮುಂದೆ ಒಡೆದ ಬೂದುಗುಂಬಳ. ಲಾರಿಯವನಿಗೆ ಮಗನೇ ಫೋನ್ ಮಾಡಿ ಈಗ ಬರಬೇಡ ಎಂದನಂತೆ. ಫೀಜಿಗೆ ಸದ್ಯಕ್ಕೆ ಬೇರೆ ದಾರಿ ನೋಡಿಕೊಂಡರು. ಓಡುವ ಹಳೇ ಗಾಡಿಗೆ ಗುಜರಿ ಬೆಲೆಗಿಂತ ಹೆಚ್ಚು ಕೊಡುವವರೂ ಸಿಗಬಹುದು. ಮಾರುವುದೋ ಇಟ್ಟುಕೊಳ್ಳುವುದೋ ಎಂಬ ಮಾತು ಆ ಮನೆಯಲ್ಲಿ ಇನ್ನೂ ನಡೆದಿದೆ. ಅದು ಅಪ್ಪ ಮಗ ಕೂತು ತೀರ್ಮಾನಿಸಬೇಕಾದದ್ದು, ನಾವು ಬಾಯಿ ಹಾಕುವಂಥದಲ್ಲ. ಆದರೆ ಈಗ ಅವರು ಮಾತಾಡುತ್ತಿರುವುದು ಓಡುವ ಗಾಡಿಯ ಬಗ್ಗೆ.

ಇದನ್ನು ಓದುತ್ತಿರುವ ಮಕ್ಕಳಿಗೂ ಅವರ ತಾತ ಅಜ್ಜಿಯರಿಗೂ ಒಂದು ಕೆಲಸ ಹೇಳುತ್ತೇನೆ. ಮನೆಯ ಅಟ್ಟದಲ್ಲೋ ಸೈಕಲ್ ಶಾಪಿನವರ ಮೂಲೆಯಲ್ಲೋ ಹಳೇ ಸೈಕಲ್ ಡೈನಮೋ ಇದ್ದೀತು, ಹುಡುಕಿ. ಟೈರಿಗೆ ತಾಗಿ ತಿರುಗುತ್ತಿದ್ದ ಆ ಪುಟ್ಟ ಬಾಟಲಿಯಂಥ ವಸ್ತು ತಾತಂದಿರಿಗೆ ಚೆನ್ನಾಗಿ ಗೊತ್ತು. ಅದರಲ್ಲೂ ಇರುವುದು ಅಯಸ್ಕಾಂತ ಮತ್ತು ತಂತಿಯ ಸುರುಳಿ. ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ, ಡೈನಮೋಗೆ ಅದರದೇ ದೀಪ ಜೋಡಿಸಿ. ತಾತ ಪೆಡಲನ್ನು ಕೈಯಿಂದ ನಿಧಾನ ತಿರುಗಿಸಲಿ, ಬಲ್ಬು ಕೆಂಪಗೆ ಮಿಣುಕುತ್ತದೆ. ನೀವು ಜೋರಾಗಿ ತಿರುಗಿಸಿ, ಬೆಳ್ಳಗೆ ಉರಿಯುತ್ತದೆ. ಕಂಪ್ಲಿಯ ಶೆಡ್ಡಿನಲ್ಲಿ ಆ ‘ಟಕ್’ ಏಕೆ ಬೇಕಿತ್ತೆಂದು ಆಗ ನಿಮಗೇ ಗೊತ್ತಾಗುತ್ತದೆ. ಬೆರಳು ಮಾತ್ರ ಕಡ್ಡಿಗಳಿಂದ ದೂರ ಇರಲಿ.